ಐಸ್ ಪ್ಲಾಂಟಿನವನ ಅಣಬೆ

ಜೂನ್ ಒಂದಕ್ಕೆ ಬೈತಕೋಲದಲ್ಲಿ
ಬೋಟುಗಳೆಲ್ಲ ಮೂತಿಗೆ ಮೂತಿ ತಾಗಿಸಿ ನಿಂತವು.
ಐಸ್ ಪ್ಲಾಂಟಿನ ಮೇನ್ ಸ್ವಿಚ್ಚು ನಾನೇ ಇಳಿಸಿದೆ.
ಅರುವತ್ತೊಂದು ದಿನ ಮೀನಿಗೆ ರಜೆ, ನನಗೂ.
ಇಪ್ಪತ್ತೆರಡು ವರ್ಷ ಕಂಪ್ರೆಸರಿನ ಗುಂಯ್‌ಗೆ ತಲೆಕೊಟ್ಟು ಮಲಗಿದವನಿಗೆ
ಆ ರಾತ್ರಿ ಗೋಡೆ ಗಡಿಯಾರ ವಿಪರೀತ ಮಾತಾಡಿತು.

ಕೋಡಿಬಾಗದ ಗುಜರಿಯಲ್ಲಿ ಫ್ರಿಜ್ಜೊಂದು ಸಿಕ್ಕಿತು,
ಗ್ಯಾಸು ಹೋದದ್ದು, ಬಾಗಿಲ ರಬ್ಬರು ಸೆಟೆದದ್ದು.
ನಾನೂರಕ್ಕೆ ಕೇಳಿದೆ, ಬಸ್ತ್ಯಾಂವ ಐನೂರಕ್ಕೆ ನಿಂತ.
‘ಮೀನಿಲ್ಲದ ತಿಂಗಳಲ್ಲಿ ಫ್ರಿಜ್ಜು ಯಾಕೆ ಮಾರಾಯ?’
ಅಣಬೆಗೆ, ಅಂದೆ.
ಆ ನೂರನ್ನೂ ಬಿಟ್ಟ. ಪಾಪ ಅನಿಸಿರಬೇಕು.

ಮಗಳು ಸಂಪದಾ ಪಾಲಿಟೆಕ್ನಿಕ್ಕಿನವಳು,
ಬೆರಳಷ್ಟಗಲದ ಬೋರ್ಡಿಗೆ ಪಾಠ ಹೇಳಿದಳು:
ತೇವ ತೊಂಬತ್ತಕ್ಕಿಂತ ಇಳಿದರೆ ಮಂಜು ಊದು,
ಬಿಸಿ ಇಪ್ಪತ್ತೆಂಟು ದಾಟಿದರೆ ಫ್ಯಾನು ತಿರುಗಿಸು,
ಎರಡೂ ಸರಿಯಿದ್ದರೆ ಸುಮ್ಮನಿರು.
ಕೊನೆಯದನ್ನು ಕಲಿಸಲಿಕ್ಕೇ ಮೂರು ರಾತ್ರಿ ಹಿಡಿಯಿತು.
ತೊಂಬತ್ತು, ಎಂಬತ್ತೊಂಬತ್ತು, ತೊಂಬತ್ತು,
ಟಿಕ್, ಟಿಕ್, ಟಿಕ್,
ಹೊರಟೆ ಹೊರಟೆ ಎನ್ನುತ್ತ ಹೊಸ್ತಿಲಲ್ಲೇ ನಿಂತ ನೆಂಟರ ಹಾಗೆ ರಿಲೇ.
ನಡುವೆ ಐದಂಕಿಯ ಜಾಗ ಬಿಟ್ಟ ಮೇಲೆ
ಅದೂ ಮಲಗಿತು, ನಾವೂ.

ನನ್ನದು ಕೊಳೆಯಗೊಡದ ಕಸುಬು.
ಬಂಗಡೆಯಾಗಲಿ ಇಸೋಣವಾಗಲಿ
ಕಣ್ಣು ಮಸುಕಾಗುವ ಮೊದಲೇ ಐಸು ಬೀಳಬೇಕು.
ಈಗ ಬೇಯಿಸಿದ ಹುಲ್ಲನ್ನು ಚೀಲಕ್ಕೆ ತುರುಕಿ
ಪದರಪದರಕ್ಕೂ ಶಿರಸಿಯಿಂದ ತಂದ ಬೀಜ ಉದುರಿಸಿ
ಕೊಳೆ, ಚೆನ್ನಾಗಿ ಕೊಳೆ ಎಂದು
ಬಾಗಿಲು ಮುಚ್ಚುತ್ತಿದ್ದೇನೆ.
ಕೈಗೆ ಇನ್ನೂ ಗೊತ್ತಾಗಿರಲಿಲ್ಲ. ಎರಡು ಸಲ
ಸೊನ್ನೆಗೆ ಇಳಿದಿದೆಯಾ ಎಂದು ನೋಡಿದೆ.

ಹೊರಗೆ ಆರಿದ್ರಾ.
ಕ್ಯಾಲೆಂಡರು ಸುರುಳಿ ಸುತ್ತಿಕೊಂಡಿತ್ತು, ಉಪ್ಪಿನ ಡಬ್ಬಿಯಲ್ಲಿ ನೀರು,
ನನ್ನ ಚಪ್ಪಲಿಗೇ ಬೂಷ್ಟು.
‘ಊರೇ ಒದ್ದೆ. ನೀವು ಒಳಗೆ ಮಂಜು ಊದಲಿಕ್ಕೆ
ಕರೆಂಟು ಸುಡ್ತೀರಲ್ಲ’ ಎಂದಳು ಸುಗಂಧಾ.
ನೋಡೇಬಿಡೋಣ ಎಂದು ಹೊರಗೂ ಒಂದು ಸೆನ್ಸರು ತೂಗಿದೆವು.
ಹೊರಗೆ ತೊಂಬತ್ತಾರು. ಒಳಗೆ ತೊಂಬತ್ತೊಂದು.
ಅವಳು ಓದಿದಳು, ಏನೂ ಹೇಳಲಿಲ್ಲ.
ಹೇಳಿದ್ದರೆ ಒಳ್ಳೆಯದಿತ್ತು.

ಹತ್ತೊಂಬತ್ತನೆಯ ದಿನ ಚೀಲದ ತೂತುಗಳಲ್ಲಿ
ಸಾಸಿವೆಯಂಥ ತಲೆಗಳು.
ಇಪ್ಪತ್ತೆರಡಕ್ಕೆ ನೋಡಿದರೆ ಕೊಡೆಯೇ ಇಲ್ಲ,
ಬರೀ ಕತ್ತು. ಬೆಳ್ಳಗೆ, ಸಪೂರ,
ಎಲ್ಲವೂ ಒಂದೇ ಕಡೆ ವಾಲಿ
ಬೋರ್ಡಿನ ಹಸಿರು ದೀಪದತ್ತ.

ಸುಗಂಧಾ ಬಗ್ಗಿ ಮೂಗು ಒಳಗಿಟ್ಟಳು.
‘ಇದಕ್ಕೆ ಉಸಿರು ಕಟ್ಟಿದೆ.’
ರಬ್ಬರು ಹೊಸದು ಹಾಕಿದವನು ನಾನೇ.
ನನ್ನ ಬಾಗಿಲ ಸಂದಿಯಲ್ಲಿ ಒಂದು ಕೂದಲೂ ಹೋಗಬಾರದು,
ಸಂಬಳ ಬಿಟ್ಟರೆ ನನಗಿದ್ದ ಹೆಮ್ಮೆ ಅದೊಂದೇ.
ಅಣಬೆಯೂ ನಮ್ಮಂತೆ ಗಾಳಿ ಎಳೆಯುತ್ತದಂತೆ,
ತಾನು ಬಿಟ್ಟ ಉಸಿರೇ ತುಂಬಿದರೆ
ಕತ್ತು ಚಾಚುತ್ತದಂತೆ.
ಸಂಪದಾ ಫೋನು ನೋಡಿ ಓದಿದಳು, ಮೆಲ್ಲಗೆ.

ಡ್ರಿಲ್ಲು ಹಿಡಿದು ತುಂಬಾ ಹೊತ್ತು ನಿಂತೆ.
ಮೇಲೆ ಎರಡು, ಕೆಳಗೆ ನಾಲ್ಕು.
ತೂತಿಗೆ ಹಳೆಯ ಸೊಳ್ಳೆಪರದೆಯ ತುಂಡು.
ಗಂಟೆಗೆ ಐದು ನಿಮಿಷ ಗಾಳಿ, ಎಂದು ಬೋರ್ಡಿಗೆ ಇನ್ನೊಂದು ಸಾಲು.
ಕಾಳಿ ನದಿಯ ಕಡೆಯಿಂದ ಬಂದದ್ದು
ಸೀಗಡಿ ಸಿಪ್ಪೆಯ ವಾಸನೆ ಸಮೇತ
ಯಾರನ್ನೂ ಕೇಳದೆ ಒಳಗೆ ಹೋಯಿತು.

ಎರಡನೆಯ ಸಲ ಬಂದವು ಅಂಗೈಯಗಲದ ಕಿವಿಗಳು,
ಮುನ್ನೂರ ನಲವತ್ತು ಗ್ರಾಂ.
ತೆಂಗಿನಕಾಯಿ, ಬಿರಿಂಡೆ, ನಾಲ್ಕು ತಿರಪಲ,
ಬಂಗಡೆಗೆ ಅರೆಯುವ ಅದೇ ಮಸಾಲೆ.
ಬಸ್ತ್ಯಾಂವ ಎರಡು ಸಲ ಹಾಕಿಸಿಕೊಂಡು
ಮುಳ್ಳಿಲ್ಲ ಎಂದು ದೂರಿದ.

ಆಗಸ್ಟ್ ಒಂದಕ್ಕೆ ಮೇನ್ ಸ್ವಿಚ್ಚು ಮೇಲೆತ್ತಿದೆ.
ಕಂಪ್ರೆಸರು ಕೆಮ್ಮಿತು, ಹಿಡಿಯಿತು.
ತಂಪು ಕೋಣೆಯ ಬಾಗಿಲೆಳೆದು, ಎಂದಿನಂತೆ,
ಸಂದಿಗೆ ಅಂಗೈ ಇಟ್ಟು ನೋಡಿದೆ.
ಗಾಳಿ ಇಲ್ಲ.
ಸರಿಯಿದೆ, ಎಂದು ಪುಸ್ತಕದಲ್ಲಿ ಬರೆದೆ.
ಬರೆದಾದ ಮೇಲೆ ಮತ್ತೆ ಹೋಗಿ
ಸ್ವಲ್ಪ ಹೊತ್ತು ಅಂಗೈ ಅಲ್ಲೇ ಇಟ್ಟುಕೊಂಡಿದ್ದೆ.